ಆರಾಮ ಎನ್ನುವವರ ಕೈಕಾಲು

ನಿವೃತ್ತಿಯಾದವರಿಗೆ ಬರುವ ಮೊದಲ ರೋಗ ಉಪದೇಶ. ನನಗೂ ಬಂದಿದೆ. ಧಾರವಾಡದ ಫಿಜಿಯೋಥೆರಪಿ ಕಾಲೇಜೊಂದರಿಂದ ಇಬ್ಬರು ಹುಡುಗಿಯರು ಉಣಕಲ್ಲಿನ ನಮ್ಮ ಮನೆಗೆ ಬಂದು, "ಮೇಡಂ, ಈ ವರ್ಷ ಸೇರಿದವರಿಗೆ ನಿಮ್ಮ ಸರ್ವಿಸಿನ ಅನುಭವ ಬರದ ಕೊಡ್ರಿ. ಮನಸ್ಸು ಸಕಾರಾತ್ಮಕ ಇದ್ರ ಪೇಶಂಟ್ ಹೆಂಗ ಲಗೂ ಸುಧಾರಿಸ್ತಾನ ಅನ್ನೂದು ವಿಷಯ" ಎಂದಾಗ, ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ನಾನು ಅಲ್ಲಿಂದಲೇ ಹೂಂ ಎಂದುಬಿಟ್ಟೆ. ಅವರು ತಿಂದು ಹೋದ ಮೇಲೆ ಬರೆಯಲು ಕುಳಿತರೆ ಒಂದು ಸಾಲೂ ನೆಟ್ಟಗೆ ನಿಲ್ಲಲಿಲ್ಲ. ಸುಧಾರಿಸುತ್ತಾರೆ ಎಂದು ಬರೆದ ಕೂಡಲೇ ಸುಧಾರಿಸದೆ ಹೋದವರ ಮುಖ ನೆನಪಾಗುತ್ತದೆ. ಸರಿ, ಅದೆಲ್ಲ ಸುಳ್ಳು ಎಂದು ಬರೆಯೋಣವೆಂದರೆ, ಬರೀ ಹುಮ್ಮಸ್ಸಿನ ಮೇಲೆ ಎದ್ದು ನಡೆದವರು ಬಾಗಿಲಿಗೆ ಬಂದು "ನಮ್ಮನ್ನ ಮರೆತ್ರೇನ್ರಿ ಬಾಯಾರ?" ಎಂದು ಕೇಳಿದಂತಾಗುತ್ತದೆ. ಆದ್ದರಿಂದ ಮಕ್ಕಳೇ, ನೀವು ಕೇಳಿದ್ದು ಒಂದು, ನಾನು ಕೊಡುತ್ತಿರುವುದು ಇನ್ನೊಂದು. ನನಗೆ ತಿಳಿದದ್ದಕ್ಕಿಂತ ತಿಳಿಯದೆ ಉಳಿದದ್ದೇ ಇದರಲ್ಲಿ ಹೆಚ್ಚಾಗಿದೆ.

ನಾನು ದುಡಿದದ್ದು ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ಹಿಂಭಾಗದಲ್ಲಿದ್ದ ಉದ್ದನೆಯ ಹಾಲಿನಲ್ಲಿ. ಬಿದ್ದವರು, ಮುರಿದುಕೊಂಡವರು, ಲಕ್ವಾ ಹೊಡೆದವರು ಎಲ್ಲರೂ ಡಾಕ್ಟರ ಕೈಯಿಂದ ಪಾರಾಗಿ ಕೊನೆಗೆ ನಮ್ಮ ಕೈಗೆ ಬರುತ್ತಿದ್ದರು. ಫಿಜಿಯೋಥೆರಪಿಸ್ಟ್ ಎಂಬ ಮಾತು ಯಾರ ಬಾಯಲ್ಲೂ ಹೊರಳುತ್ತಿರಲಿಲ್ಲ. ನನ್ನನ್ನು 'ಕಸರತ್ತಿನ ಬಾಯಾರು' ಎನ್ನುತ್ತಿದ್ದರು, ನಾನೂ ಒಪ್ಪಿಕೊಂಡಿದ್ದೆ. ನಡುವೆ ಬಡ್ತಿಗಳು ಬಂದವು. ಕುರ್ಚಿ ಬದಲಾಯಿತು, ನನ್ನ ಸೊಂಟನೋವು ಮಾತ್ರ ಹಳೆಯದೇ ಇತ್ತು. ಅದರ ಬಗ್ಗೆ ಇಷ್ಟು ಸಾಕು.

ನಾನು ಸೇರಿದಾಗ ಮುಖ್ಯಸ್ಥರಾಗಿದ್ದವರು ಪಾಟೀಲ ಸರ್. ಅವರ ಪದ್ಧತಿಯಲ್ಲಿ ಸಕಾರಾತ್ಮಕ ಎಂಬುದು ಔಷಧಕ್ಕೂ ಇರಲಿಲ್ಲ. ಅವರು ಬೈದು ನಡೆಸುತ್ತಿದ್ದರು. ಕಾಲಿನ ಎಲುಬು ಕೂಡಿ ಎಷ್ಟೋ ದಿನವಾದರೂ "ನನ್ನ ಕಡೆ ಆಗೂದಿಲ್ರಿ" ಎಂದು ಗೋಡೆಗೆ ಆತು ಕುಳಿತಿದ್ದ ಒಬ್ಬ ಲಾರಿ ಡ್ರೈವರ್ ಇದ್ದ. ಪಾಟೀಲ ಸರ್ ಅವನೆದುರು ನಿಂತು, "ಆಗೂದಿಲ್ಲಾ? ಹಂಗಾರ ಇಲ್ಲೇ ಕುಂಡರು. ನಿನ್ನ ಲಾರಿ ಯಾರರ ಹೊಡೀತಾರ, ನೀ ಜಳಕಕ್ಕೂ ಹೆಂಡ್ತಿನ್ನ ಕರಿ" ಎಂದರು. ಅವನಿಗೆ ಎಲ್ಲಿಲ್ಲದ ಸಿಟ್ಟು ಬಂದು, ಸರ್ ವಂಶವನ್ನೆಲ್ಲ ಉದ್ಧಾರ ಮಾಡುತ್ತ ಬಾಗಿಲ ತನಕ ನಡೆದೇ ಹೋದ. ಅಲ್ಲಿ ಮುಟ್ಟಿದ ಮೇಲೆ ತಾನು ನಡೆದದ್ದು ಗೊತ್ತಾಗಿ ಬಾಗಿಲ ಚೌಕಟ್ಟು ಹಿಡಿದು ಅಳತೊಡಗಿದ. ಹಾಗಾದರೆ ಸಿಟ್ಟೂ ಒಳ್ಳೆಯದೇ? ಅದೇ ವಾರ ಅದೇ ಬೈಗುಳ ತಿಂದ ಒಬ್ಬ ಮುದುಕಪ್ಪ ಮರುದಿನದಿಂದ ಬರುವುದನ್ನೇ ಬಿಟ್ಟ. ಅವನ ಕಾಲು ಏನಾಯಿತೋ ನನಗೆ ತಿಳಿಯಲಿಲ್ಲ.

ಪಾಟೀಲ ಸರ್ ಹೋದ ಮೇಲೆ ಬಂದವರು ಡಾಕ್ಟರ್ ಸುಮತಿ ಮೇಡಂ. ಓದಿದವರು, ಮೃದು ಮಾತಿನವರು, ಯಾರಿಗೂ ಏಕವಚನ ಬಳಸದವರು. ಎಲ್ಲೋ ಒಂದು ತರಬೇತಿಗೆ ಹೋಗಿ ಬಂದಿದ್ದರು. ಬಂದ ವಾರದಲ್ಲೇ ಹಾಲಿನ ಗೋಡೆಗಳಿಗೆ ಸೂರ್ಯೋದಯದ ಚಿತ್ರಗಳು ಬಂದವು, ಕೆಳಗೆ 'ನಾನು ಮಾಡಬಲ್ಲೆ' ಎಂಬ ಬರಹ. "ಇನ್ನ ಮ್ಯಾಲೆ ಈ ಹಾಲ್‌ನ್ಯಾಗ ಯಾರೂ 'ಆಗೂದಿಲ್ಲ' ಅನ್ನಬಾರದು" ಎಂದು ನಮಗೆಲ್ಲ ಹೇಳಿದರು. ನನಗೆ ಒಳಗೊಳಗೆ ನಗು ಬಂದರೂ, ಪಾಟೀಲ ಸರ್ ಗದ್ದಲ ಕೇಳಿ ಕೇಳಿ ದಣಿದಿದ್ದ ಕಿವಿಗೆ ಹಿತವಾಗಿಯೇ ಇತ್ತು.

ಮುಂಜಾನೆ ಕಸರತ್ತಿಗೆ ಮೊದಲು ಎಲ್ಲರೂ ಕೂಡಿ ನಗಬೇಕು ಎಂಬ ನಿಯಮವೂ ಬಂತು. ಕೈ ಮೇಲೆತ್ತಿ ಹಾ ಹಾ ಹೋ ಹೋ. ಕೈ ಎತ್ತಲಾಗದವರು ಎತ್ತಿದಂತೆ ಅಂದುಕೊಳ್ಳಬೇಕು. ಆಗ ನಮ್ಮಲ್ಲಿ ಕಟ್ಟಡದ ಮೇಲಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡ ಒಬ್ಬ ಗೌಂಡಿ ಉಸಿರಾಟದ ವ್ಯಾಯಾಮಕ್ಕೆ ಬರುತ್ತಿದ್ದ. ಪಕ್ಕೆಲುಬು ಮುರಿದವನಿಗೆ ನಗುವಂಥ ಶಿಕ್ಷೆ ಇನ್ನೊಂದಿಲ್ಲ. ದೊಡ್ಡ ಡಾಕ್ಟರ್ ಬಾಯಿ ಹೇಳಿದ್ದಾರೆ ಎಂಬ ಮರ್ಯಾದೆಗೆ ಪಾಪ ಎರಡು ದಿನ ನಕ್ಕ. ಮೂರನೆಯ ದಿನ ಕೈಮುಗಿದು, "ಮೇಡಂ, ನಗೂದೊಂದು ಬಿಟ್ಟು ಬ್ಯಾರೆ ಏನರ ಶಿಕ್ಷಾ ಕೊಡ್ರಿ, ಇಟ್ಟಂಗಿ ಬೇಕಾದ್ರ ಹೊರತೇನಿ" ಎಂದ. ಇಡೀ ಹಾಲು ಬಿದ್ದು ಬಿದ್ದು ನಕ್ಕಿತು. ಅದು ಆ ಹಾಲಿನಲ್ಲಿ ಹುಟ್ಟಿದ ಮೊದಲ ನಿಜವಾದ ನಗು. ಬಂದಾಗಿನಿಂದ ಯಾರೊಡನೆಯೂ ಮಾತಾಡದೆ ಗೋಡೆ ನೋಡುತ್ತ ಕೂತಿರುತ್ತಿದ್ದ ಒಬ್ಬ ಹೆಂಗಸು ಆ ದಿನ ನಕ್ಕು, ಚಹಾ ಕೇಳಿ ಕುಡಿದಳು. ಮೇಡಂಗೆ ತಮ್ಮ ಪದ್ಧತಿ ಫಲಿಸಿತೆಂದು ಖುಷಿಯಾಯಿತು. ಅವರ ಪದ್ಧತಿ ಕೆಟ್ಟದ್ದರಿಂದಲೇ ಅದು ಫಲಿಸಿತಲ್ಲ ಎಂದು ನಾನು ತಲೆ ಕೆರೆದುಕೊಂಡೆ.

ಆಮೇಲೆ ಮುಖಗಳ ಪಟ್ಟಿ ಬಂತು. ನೀವೂ ನೋಡಿರುತ್ತೀರಿ: ನಗುವ ಮುಖದಿಂದ ಹಿಡಿದು ಕಣ್ಣೀರು ಸುರಿಸುವ ಮುಖದ ತನಕ ಸಾಲಾಗಿ ಬರೆದಿರುತ್ತಾರೆ, ನೋವು ಎಷ್ಟಿದೆಯೋ ಅಂಥ ಮುಖವನ್ನು ರೋಗಿ ಮುಟ್ಟಿ ತೋರಿಸಬೇಕು. ನಮ್ಮಲ್ಲಿ ಎಲ್ಲರೂ ನಗುವ ಮುಖವನ್ನೇ ಮುಟ್ಟುತ್ತಿದ್ದರು. ಮಂಡಿ ಕುಂಬಳಕಾಯಿಯಂತೆ ಬಾತಿದ್ದ ಒಬ್ಬ ಅಜ್ಜಿಯೂ ಅದನ್ನೇ ಮುಟ್ಟಿದಳು. "ಯಾಕವ್ವ, ಖರೇನ ಇಷ್ಟ ಆರಾಮ ಅದೀಯೇನು?" ಎಂದರೆ, "ಮುಂಜಾನೆದ್ದು ಅಳು ಮುಖದ ಮ್ಯಾಲೆ ಯಾರ ಬೆರಳ ಇಡ್ತಾರ? ತಗೀ ಅದನ್ನ" ಎಂದು ಬೈದಳು. ಮೇಡಂ ಅವರ ತಿಂಗಳ ವರದಿಯಲ್ಲಿ ಹಾಲಿನ ನೋವೆಲ್ಲ ಇಳಿದುಹೋಗಿತ್ತು.

ನಮ್ಮ ಭಾಗದವರ ಈ ಗುಣ ನಿಮಗೆ ಗೊತ್ತಿರಬೇಕು, ಯಾಕೆಂದರೆ ನೀವೂ ಇದೇ ನೀರು ಕುಡಿದವರು. ಎದುರಿಗೆ ಸಿಕ್ಕವರು "ಆರಾಮ?" ಎನ್ನುತ್ತಾರೆ, ನಾವು "ಆರಾಮ್ರಿ" ಎನ್ನುತ್ತೇವೆ. ಸಾಯಲು ಬಿದ್ದವನೂ ಮೊದಲು "ಆರಾಮ" ಎಂದು, ಚಹಾ ತರಿಸಿ, ಆಮೇಲೆ ಸಾಯುವ ವಿಷಯ ತೆಗೆಯುತ್ತಾನೆ. ಇದು ಮರ್ಯಾದೆಯ ಮಾತು. ಒಳ್ಳೆಯದೇ. ಆದರೆ ಮರ್ಯಾದೆಯ ಮಾತು ಕೇಳಿ ಚಿಕಿತ್ಸೆ ಮಾಡಲು ಹೊರಟರೆ ಏನಾಗುತ್ತದೆ ಎಂದು ತಿಳಿದದ್ದು ಗಂಗವ್ವ ಬಂದ ಮೇಲೆ.

ಗಂಗವ್ವನದು ದುರ್ಗದಬೈಲಿನ ಓಣಿಯೊಂದರಲ್ಲಿ ಸಣ್ಣ ಖಾನಾವಳಿ. ಮದುವೆಯಾಗಿ ಬಂದಾಗಿನಿಂದ ಅಲ್ಲಿ ಜೋಳದ ರೊಟ್ಟಿ ಬಡಿಯುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆ ಮಗ ಮಲ್ಲೇಶನ ಕೈಗೆ ಬಂತು, ಒಲೆ ಮಾತ್ರ ಅವಳದೇ. ರೊಟ್ಟಿ ಬಡಿಯುತ್ತಿರುವಾಗಲೇ ಬಲಭಾಗಕ್ಕೆ ಲಕ್ವಾ ಹೊಡೆಯಿತು. ಮಾತಿಗೆ ಏನೂ ಆಗಲಿಲ್ಲ, ಕಾಲೂ ಬೇಗ ಸುಧಾರಿಸಿತು. ಕೈ ಮಾತ್ರ ಉಳಿಯಿತು, ಅದೂ ರೊಟ್ಟಿ ಬಡಿಯುವ ಬಲಗೈ. ಮಲ್ಲೇಶ ಕೆಟ್ಟ ಹುಡುಗನೇನಲ್ಲ. ಕೂಲಿಗೆ ಬಂದ ಹೆಂಗಸರು ನಿಲ್ಲುತ್ತಿರಲಿಲ್ಲ, ಉಣ್ಣಲು ಬಂದವರು ರೊಟ್ಟಿ ಇಲ್ಲದೆ ಎದ್ದು ಹೋಗುತ್ತಿದ್ದರು. ಅವನು ನನ್ನೆದುರೇ ಅವ್ವನಿಗೆ ಹೇಳಿದ, "ಅವ್ವಾ, ದೀಪಾವಳಿತನಕ ನೋಡೂಣು. ಕೈ ಬಂತಂದ್ರ ಛಲೋ. ಇಲ್ಲಾಂದ್ರ ರೊಟ್ಟಿ ಮಷಿನ್ ತರೂದ, ಒಲಿ ತಗದು ಅಲ್ಲಿ ಟೇಬಲ್ ಹಾಕೂದ."

ಗಂಗವ್ವ ನಕ್ಕಳು. "ತರಾಂವ ತರಲಿ ಬಿಡ್ರಿ ಬಾಯಾರ. ಅಷ್ಟ್ರಾಗ ನಾ ಒಲಿ ಮುಂದ ಕುಂತಿರತೇನಿ. ಆರಾಮ ಅದೇನಿ ನಾನು."

ಅವಳಂಥ ರೋಗಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಟೋದಿಂದ ಇಳಿಯುವಾಗಲೇ ನಗು. ಎಲ್ಲರನ್ನೂ ಮಾತಾಡಿಸುವಳು, ಅಳುವವರಿಗೆ ಸಮಾಧಾನ ಹೇಳುವಳು. ನಮ್ಮ ಹಾಲಿನಲ್ಲಿ ಆಗ ಚಾವಣಿಗೆ ಒಂದು ರಾಟೆ ತೂಗುಹಾಕಿತ್ತು. ಹಗ್ಗದ ಒಂದು ತುದಿ ಒಳ್ಳೆಯ ಕೈಯಲ್ಲಿ, ಇನ್ನೊಂದು ತುದಿ ಸತ್ತಂತಿರುವ ಕೈಯಲ್ಲಿ. ಒಳ್ಳೆಯ ಕೈ ಎಳೆದರೆ ಇನ್ನೊಂದು ಮೇಲೇರುತ್ತದೆ. ಲಕ್ವಾದವರಿಗೆ ಅದನ್ನು ನೀವೀಗ ಕೊಡುವುದಿಲ್ಲ, ಆಗ ಎಲ್ಲ ಕಡೆ ಅದೇ ಪದ್ಧತಿ. ಗಂಗವ್ವ ಬಾವಿಯಿಂದ ನೀರು ಸೇದಿದಂತೆ ಎಳೆಯುತ್ತಿದ್ದಳು. "ಇನ್ನೊಂದಿಷ್ಟು ಎಳೀಲೇನ್ರಿ?" ಎಂದು ತಾನೇ ಕೇಳುವಳು. ಸುಮತಿ ಮೇಡಂ ಬಂದವರಿಗೆಲ್ಲ ಅವಳನ್ನು ತೋರಿಸಿ, "ನೋಡ್ರಿ, ಮನಸ್ಸು ಅಂದ್ರ ಹಿಂಗಿರಬೇಕು" ಎನ್ನುತ್ತಿದ್ದರು.

ಅವಳ ಪಕ್ಕದ ಕುರ್ಚಿಯಲ್ಲಿ ತಮ್ಮ ಸರದಿಗಾಗಿ ಕಾಯುತ್ತಿದ್ದವರು ಜೋಶಿ ಮಾಸ್ತರು. ಧಾರವಾಡದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಜಾರಿ ಬಿದ್ದು ತೊಡೆಯ ಎಲುಬು ಮುರಿದು, ಒಳಗೆ ರಾಡು ಕೂತಿತ್ತು. ಗಂಗವ್ವ ಎಷ್ಟು ಬೆಳಕೋ ಮಾಸ್ತರು ಅಷ್ಟು ಮೋಡ. "ನಾನಂತೂ ಇನ್ನ ಮನ್ಯಾಗ ಮೂಲಿ ಹಿಡಿಯೂದ. ನೀವು ಸುಮ್ನ ಬೆವರು ಸುರಸ್ಲಿಕ್ಕತ್ತೀರಿ" ಎಂಬುದು ಅವರ ದಿನದ ನಮಸ್ಕಾರ. ಮುಖಗಳ ಪಟ್ಟಿ ಮುಂದೆ ಹಿಡಿದರೆ ಅಳುವ ಮುಖವನ್ನು ಮುಟ್ಟಿದ ಏಕೈಕ ವ್ಯಕ್ತಿ ಅವರು. ಮುಟ್ಟಿದ ಮೇಲೆ ಚಿತ್ರವನ್ನೂ ಬೈದರು, "ಯಾವ ಮುಖಕ್ಕೂ ಕಿವಿನೇ ತಗದಿಲ್ಲಲಾ. ಕಿವಿ ಇಲ್ಲದಂವಗ ಏನಂತ ಹೇಳೂದು ನೋವು?" ಮೇಡಂ ಈ ಮಾಸ್ತರನ್ನು ಮಧ್ಯಾಹ್ನದ ಸರದಿಗೆ ಕಳಿಸಬೇಕೆಂದಿದ್ದರು, ಉಳಿದವರ ಮನಸ್ಸು ಕೆಡುತ್ತದೆ ಎಂದು. ಆದರೆ ಒಂದು ಮಾತು. ಮಾಸ್ತರು ಎಲ್ಲಿ ನೋಯುತ್ತದೆ, ಯಾವಾಗ ನೋಯುತ್ತದೆ, ಎಷ್ಟು ಬಾಗಿದರೆ ನೋಯುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ನಾನು ಅದಕ್ಕೆ ತಕ್ಕಂತೆ ಕಸರತ್ತು ಬದಲಿಸುತ್ತಿದ್ದೆ. ಆಗೂದಿಲ್ಲ ಆಗೂದಿಲ್ಲ ಎನ್ನುತ್ತಲೇ ಮಾಸ್ತರ ಕಾಲು ಬಲಿಯುತ್ತ ಹೋಯಿತು.

ಗಂಗವ್ವನ ಕೈ ಮಾತ್ರ ಎಲ್ಲಿತ್ತೋ ಅಲ್ಲೇ ನಿಂತಿತು. ಮೊದಲು ಬೆರಳು ಸ್ವಲ್ಪ ಮಿಡುಕಿದ್ದವು, ಅದೂ ಕಡಿಮೆಯಾಯಿತು. ಅಂಗೈ ಊದಿ ಬಳೆ ಬಿಗಿಯಾದವು. ನಾನು ದಿನವೂ ಕೇಳುವುದು, ಅವಳು ದಿನವೂ "ಆರಾಮ ಐತ್ರಿ" ಎನ್ನುವುದು. ಇಷ್ಟು ಹುಮ್ಮಸ್ಸಿನ ಹೆಂಗಸು ಯಾಕೆ ಸುಧಾರಿಸುತ್ತಿಲ್ಲ, ಇಷ್ಟು ಗೊಣಗುವ ಮನುಷ್ಯ ಯಾಕೆ ಸುಧಾರಿಸುತ್ತಿದ್ದಾರೆ ಎಂದು ನನ್ನ ತಲೆ ಗಿರ್ರೆಂದಿತು. ದೀಪಾವಳಿ ಬೇರೆ ಹತ್ತಿರ ಬರುತ್ತಿತ್ತು.

ಒಂದು ಮುಂಜಾನೆ ಗಂಗವ್ವ ರಾಟೆ ಎಳೆಯುತ್ತಿದ್ದಾಗ ಮಾಸ್ತರು ಕುರ್ಚಿಯಿಂದಲೇ ಹೇಳಿದರು, "ಬಾಯಾರ, ಸಿಟ್ಟಾಗಬ್ಯಾಡ್ರಿ. ಈ ಗಂಗವ್ವಾರು ಸುಳ್ಳು ಹೇಳ್ಲಿಕ್ಕತ್ತಾರ."

"ಏನ್ ಸುಳ್ಳ್ರಿ?"

"ಕೈ ಮ್ಯಾಲೆ ಹೋದಾಗೊಮ್ಮೆ ಎಡಗಣ್ಣಿನ ಕೆಳಗ ಒಂದು ಗೆರಿ ಮೂಡ್ತದ. ಬಾಯಿ ನಗ್ತದ, ಗೆರಿ ನಗೂದಿಲ್ಲ. ಕ್ಲಾಸಿನ ಮುಂದ ನಿಂತು ಯಾವ ಹುಡುಗ ಯಾರ ಪೆನ್ಸಿಲ್ ಕದ್ದಾನ ಅಂತ ಮುಖ ನೋಡಿ ಹೇಳಂವ ನಾನು. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ್ರಿ? ನೋವು ಒಳಗ ಇದ್ರ ಮುಖಕ್ಕ ಬರಲಿಕ್ಕ ಬೇಕು."

"ಮಾಸ್ತರ, ನಿಮ್ಮ ಕಾಲ ನೀವ ನೋಡ್ಕೋರ್ರಿ" ಎಂದು ಗಂಗವ್ವ ಕೆಂಡವಾದಳು. ಅವಳ ಸಿಟ್ಟು ನೋಡಿದ್ದು ಅದೇ ಮೊದಲು.

ನಾನು ಹಗ್ಗ ಬಿಡಿಸಿ, ಭುಜ ಮುಟ್ಟಿ ನೋಡಿದೆ. ಮೇಲಿನ ಎಲುಬಿಗೂ ತೋಳಿಗೂ ನಡುವೆ ನನ್ನ ಬೆರಳು ಕೂರುವಷ್ಟು ಸಂದಿಯಾಗಿತ್ತು. ಶಕ್ತಿಯಿಲ್ಲದ ತೋಳು ಕೀಲಿನಿಂದ ಜೋತುಬಿದ್ದಿತ್ತು. ಅಂಥ ಭುಜವನ್ನು ರಾಟೆಯಲ್ಲಿ ಎಳೆದರೆ ಎಂಥ ಗಟ್ಟಿಗನೂ ಕೂಗಬೇಕು. ಅದರ ಮೇಲೆ ಮಲ್ಲೇಶ ದಿನಾ ಆಟೋದಿಂದ ಇಳಿಸುವಾಗ ಅದೇ ತೋಳನ್ನು ಹಿಡಿದು ಎತ್ತುತ್ತಿದ್ದ. ನಾನು ಮೆಲ್ಲಗೆ ಅದುಮಿದಾಗ ಗಂಗವ್ವ ಸೆರಗು ಕಚ್ಚಿ ಹಿಡಿದಳು. "ನೋಯ್ತದೇನು?" ಎಂದೆ. "ಇಲ್ರಿ" ಎಂದಳು.

ನನಗೆ ಸಿಟ್ಟೇ ಬಂತು. ಅವಳನ್ನು ಕಿಟಕಿಯ ಬಳಿ ಕೂರಿಸಿ, "ಗಂಗವ್ವ, ನೋವು ಹೇಳಲಿಲ್ಲಂದ್ರ ನಾ ಹೆಂಗ ಕೈ ತರಲಿ? ಮಷಿನ್‌ಗೆ ಅಂಜಿ ಸುಳ್ಳು ಹೇಳ್ತೀಯೇನು?" ಎಂದೆ.

ಅವಳು ಒಮ್ಮೆ ಚಾವಣಿ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದಳು. "ಮಷಿನ್‌ಗೆ ಯಾಕ ಅಂಜಲ್ರಿ? ಬಾಯಾರ, ನೀವೂ ಇದ ಮಣ್ಣಾಗ ಹುಟ್ಟಿದಾವ್ರು. ಮ್ಯಾಲೆ ಅಸ್ತು ದೇವತಿಗೋಳು ಅಡ್ಡಾಡತಿರತಾವು. ನಾವ ಅಂದದ್ದಕ್ಕ ಅಸ್ತು ಅಂತಾವು. ನಾ ಕೈ ನೋಯ್ತೈತಿ, ಕೈ ಹೋತು ಅಂತ ಬಾಯಿ ಬಿಟ್ಟ ಹೊತ್ತಿನ್ಯಾಗ ಅವು ಅಸ್ತು ಅಂದ್ಬಿಟ್ರ? ನಮ್ಮತ್ತಿ ಒಲಿ ಮುಂದ ಕುಂತು ಒಂದ ದಿನಾನೂ ಹಿಟ್ಟ ತೀರ್ತು ಅಂದಾಕಿ ಅಲ್ಲ. ಹಿಟ್ಟ ಹೆಚ್ಚಾತು ಅಂತಿದ್ಲು. ಮಾತು ಮನಿ ಕೆಡಿಸ್ತು, ತೂತು ಒಲಿ ಕೆಡಿಸ್ತು ಅಂತಾರಲ್ರಿ."

ನನ್ನ ಅವ್ವನೂ ಹಾಗೆಯೇ. ದೀಪ ಹಚ್ಚುವ ಹೊತ್ತಿಗೆ ನಾವು ಮಕ್ಕಳು "ಪರೀಕ್ಷೆ ಫೇಲಾಗ್ತೇನಿ" ಎಂದರೆ ಬಾಯಿಗೆ ಕೈ ಒತ್ತುತ್ತಿದ್ದಳು. ನಮ್ಮ ಮನೆಯಲ್ಲಿ ಕುಂಕುಮ ಮುಗಿಯುತ್ತಿರಲಿಲ್ಲ, ಹೆಚ್ಚಾಗುತ್ತಿತ್ತು. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚಾಗುತ್ತಿದ್ದವು. ಸುಮತಿ ಮೇಡಂ ಸೂರ್ಯೋದಯದ ಚಿತ್ರ ಅಂಟಿಸುವುದಕ್ಕೆ ಎಷ್ಟೋ ತಲೆಮಾರು ಮೊದಲೇ ನಮ್ಮ ಹೆಂಗಸರು ಸಕಾರಾತ್ಮಕವಾಗಿ ಸಂಸಾರ ಮಾಡುತ್ತಿದ್ದರು. ಆ ಮಾತುಗಳಿಂದ ನನ್ನ ಅವ್ವ ಎಷ್ಟು ಬಡತನವನ್ನು ತಲೆಯೆತ್ತಿ ದಾಟಿದಳು ಎಂಬುದು ನನಗೆ ಗೊತ್ತು. ಅದೇ ಮಾತು ಈಗ ಗಂಗವ್ವನ ಭುಜವನ್ನು ತಿನ್ನುತ್ತಿತ್ತು. ಅದನ್ನು ಸುಳ್ಳು ಎನ್ನಲು ನನ್ನ ನಾಲಿಗೆ ಏಳಲಿಲ್ಲ, ಖರೆ ಎನ್ನುವಂತೆಯೂ ಇರಲಿಲ್ಲ.

ಕೊನೆಗೆ ಹೊಳೆದದ್ದು ಹೇಳಿದೆ. "ಆತು, ನೀ ನಿನ್ನ ಬಾಯಿಂದ ಹೇಳಬ್ಯಾಡ. ನಿನ್ನ ನೋವು ಮಾಸ್ತರು ಹೇಳಲಿ. ಅವರ ಬಾಯಾಗ ಹೆಂಗೂ ಅದ ಇರ್ತದ, ಅಸ್ತು ದೇವತಿಗೋಳು ಅವರನ್ನ ಕೇಳೂದು ಬಿಟ್ಟು ಎಷ್ಟೋ ದಿನ ಆಗಿರಬೇಕು."

ಮಾಸ್ತರು, "ನಂದ ನನಗ ಹೇಳಿ ಮುಗಿಯೂದಿಲ್ಲ, ಇನ್ನ ಇವರದ ಬ್ಯಾರೆ" ಎಂದು ಗೊಣಗಿ ಒಪ್ಪಿಕೊಂಡರು. ಗಂಗವ್ವ ಆಮೇಲೆ ತನ್ನದೂ ಒಂದು ಕರಾರು ಹಾಕಿದಳು. "ಹಂಗಾರ ಅವರ ಕಾಲಿನ ಸುದ್ದಿ ನಾ ಹೇಳಾಕಿ. ಅವರ ಬಾಯಿ ಛಲೋ ಇಲ್ರಿ."

ಮರುದಿನದಿಂದ ನಮ್ಮ ಹಾಲಿನಲ್ಲಿ ಒಂದು ವಿಚಿತ್ರ ನಾಟಕ ನಡೆಯಿತು. ನಾನು ಗಂಗವ್ವನ ತೋಳು ಹಿಡಿದು ಮೆಲ್ಲಗೆ ಹೊರಳಿಸುವುದು, ಮಾಸ್ತರು ಅವಳ ಮುಖ ನೋಡುತ್ತ "ಹಾಂ, ಇಲ್ಲಿ ಸ್ವಲ್ಪ... ಸ್ವಲ್ಪ... ಬ್ಯಾಡ, ಬಿಡ್ರಿ, ಗೆರಿ ಬಂತು" ಎನ್ನುವುದು. ಮಾಸ್ತರು ಕಂಬಿ ಹಿಡಿದು ನಡೆಯುವಾಗ ಗಂಗವ್ವ ಎಡಗೈ ಸೊಂಟಕ್ಕಿಟ್ಟು, "ಮಾಸ್ತರ ಬರೂ ಸೋಮವಾರ ಬಾಗಿಲ ಮುಂದಿನ ಕಟ್ಟಿ ಏರತಾರ್ರಿ, ಬರಕೊಳ್ರಿ" ಎನ್ನುವುದು. "ಏರಂಗಿಲ್ಲ" ಎಂದು ಮಾಸ್ತರು ಬಾಯಿ ತೆರೆದರೆ, "ನಿಮ್ಮ ಪಾಳಿ ಅಲ್ರಿ ಅದು" ಎಂದು ಗದರುವಳು. ರಾಟೆಯನ್ನು ನಾನು ಅವಳಿಗೆ ನಿಲ್ಲಿಸಿದೆ. ತೋಳಿಗೆ ದಿಂಬಿನ ಆಸರೆ ಕೊಟ್ಟೆ, ಸೊಂಟ ಹಿಡಿದು ಎಬ್ಬಿಸುವುದನ್ನು ಮಲ್ಲೇಶನಿಗೆ ಕಲಿಸಿದೆ. ಊತ ಇಳಿಯಿತು. ಮುಷ್ಟಿ ಬಿಚ್ಚತೊಡಗಿತು. ಮಾಸ್ತರು ಖರೇನೇ ಕಟ್ಟೆ ಏರಿದರು, ಸೋಮವಾರವಲ್ಲ, ಗುರುವಾರ. ಮೊದಲು ವಾರಕ್ಕೆ ಎರಡು ಸಲ ತಪ್ಪಿಸುತ್ತಿದ್ದ ಮನುಷ್ಯ ಈಗ ತಪ್ಪಿಸುತ್ತಿರಲಿಲ್ಲ. ಅವರ ಸೊಸೆ ಹೇಳಿದಳು, "ಮುಂಜಾನೆ ಲಗೂನ ತಯಾರಾಗಿ ಕುಂತಿರ್ತಾರ್ರಿ. ಆ ಗಂಗವ್ವಾರ ನೋವು ಯಾರ ಹೇಳಬೇಕು ಅಂತಾರ."

ಸುಮತಿ ಮೇಡಂ ಮೊದಲು ಮುಖ ಸಿಂಡರಿಸಿದ್ದರು. ಒಂದು ದಿನ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಪಕ್ಕಕ್ಕೆ ಬಂದು, "ಇದರಾಗ ಗುಣ ಮಾಡ್ಲಿಕ್ಕತ್ತದ್ದು ಯಾವುದ್ರಿ? ಅಕಿ ನಗೂದೋ, ಇವರು ಅಳೂದೋ?" ಎಂದು ಕೇಳಿದರು.

"ನನಗ ತಿಳಿವಲ್ದು ಮೇಡಂ" ಎಂದೆ.

"ನನಗೂ" ಎಂದರು. ಮುಖಗಳ ಪಟ್ಟಿ ಆ ವಾರ ಗೋಡೆಯಿಂದ ಇಳಿಯಿತು. ಸೂರ್ಯೋದಯ ಹಾಗೇ ಉಳಿಯಿತು.

ಈಗಲೂ ಉಣಕಲ್ ಕೆರೆಯ ಸುತ್ತ ನಡೆಯುವಾಗ ಅದನ್ನೇ ಯೋಚಿಸುತ್ತೇನೆ. ಆಗುತ್ತದೆ ಎಂದು ನಂಬಿದವರು ಮನೆಯಲ್ಲೂ ಕಸರತ್ತು ಮಾಡುತ್ತಾರೆ, ಹೊಟ್ಟೆತುಂಬ ಉಣ್ಣುತ್ತಾರೆ, ನಿದ್ದೆ ಮಾಡುತ್ತಾರೆ, ಮನೆಯವರೊಡನೆ ಜಗಳ ಕಡಿಮೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಯಾರಾದರೂ ಇಲ್ಲವೆಂದರೆ ವಾದಕ್ಕೆ ನಿಲ್ಲುತ್ತೇನೆ. ಆದರೆ ನಂಬಿಕೆಯನ್ನು ಕಾಪಾಡಲು ನೋವನ್ನು ಮುಚ್ಚಿಟ್ಟವರನ್ನೂ ಕಂಡಿದ್ದೇನೆ. ಇವೆರಡನ್ನೂ ಒಂದೇ ವಾಕ್ಯದಲ್ಲಿ ಹೇಗೆ ಬರೆಯಬೇಕೋ ನನಗೆ ಬರುವುದಿಲ್ಲ. ನಿಮಗೆ ಉಪಯೋಗಕ್ಕೆ ಬರುವುದು ಒಂದಿಷ್ಟು ಹೇಳಬಲ್ಲೆ. "ಆರಾಮ?" ಎಂದು ಕೇಳಬೇಡಿ. ಇವತ್ತು ತಲೆ ಯಾರು ಬಾಚಿದರು, ಚಹಾದ ಬಟ್ಟಲು ಯಾವ ಕೈಯಲ್ಲಿ ಹಿಡಿದಿರಿ, ರಾತ್ರಿ ಯಾವ ಮಗ್ಗುಲಿಗೆ ಮಲಗಿದಿರಿ ಎಂದು ಕೇಳಿ. ಕೇಳುವಾಗ ಬಾಯಿ ನೋಡಬೇಡಿ, ಕಣ್ಣಿನ ಕೆಳಗೆ ನೋಡಿ. ನಗುವವರ ನಗುವನ್ನು ಮಾತ್ರ ಕಸಿಯಬೇಡಿ, ಅದು ಅವರು ಬಹಳ ಕಷ್ಟಪಟ್ಟು ಇಟ್ಟುಕೊಂಡದ್ದಾಗಿರುತ್ತದೆ.

ಆ ವರ್ಷದ ದೀಪಾವಳಿ ಬಂತು. ಮಲ್ಲೇಶ ಒಬ್ಬನೇ ಕರ್ಚಿಕಾಯಿಯ ಡಬ್ಬಿ ಹಿಡಿದು ಹಾಲಿಗೆ ಬಂದ. ಮುಖ ಕೆಳಗೆ ಹಾಕಿಕೊಂಡು, "ಮಷಿನ್ ಬಂದೈತ್ರಿ ಬಾಯಾರ. ಹಬ್ಬದ ಗದ್ದಲಕ್ಕ ಬ್ಯಾರೆ ದಾರಿ ಇರಲಿಲ್ಲ. ಅವ್ವ ಇನ್ನ ಬರೂದಿಲ್ಲ ಅಂದಾಳ, ಮನ್ಯಾಗ ಮಾಡ್ಕೋತಾಳಂತ" ಎಂದ. ಆಗ್ತದ ಗಂಗವ್ವ, ಆಗ್ತದ ಎಂದು ದಿನಾ ಹೇಳಿದ್ದು ನಾನು. ಅವಳು ಬರದಿರುವುದು ಬೇಸರಕ್ಕೋ, ನನ್ನ ಮೇಲಿನ ಸಿಟ್ಟಿಗೋ ತಿಳಿಯದೆ ಕರ್ಚಿಕಾಯಿಯ ಡಬ್ಬಿ ಹಿಡಿದು ನಿಂತೆ. ಮಾಸ್ತರು ಕೋಲು ತೆಗೆದುಕೊಂಡು, "ನಡ್ರಿ, ಊಟಕ್ಕ ಹೋಗೂಣು" ಎಂದರು.

ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ. ಮಾಸ್ತರು ಮೆಟ್ಟಿಲು ಏರಿ ಒಳಗೆ ಬಂದು ಕುಳಿತರು. ಅಡುಗೆಮನೆಯಲ್ಲಿ ಮಷಿನ್ ಗರಗರ ಅನ್ನುತ್ತಿತ್ತು. ಒಂದರಂತೆ ಒಂದು ದುಂಡನೆಯ ರೊಟ್ಟಿ ಉದುರುತ್ತಿದ್ದವು, ಮಲ್ಲೇಶ ಅವುಗಳನ್ನು ಜೋಡಿಸುತ್ತಿದ್ದ. ಮಾಸ್ತರು ಒಂದು ತುಂಡು ಬಾಯಿಗಿಟ್ಟು, "ಕಾಗದ ತಿಂದಂಗ ಆತು" ಎಂದು ಜೋರಾಗಿ ಹೇಳಿದರು. ಒಳಗಿಂದ "ಯಾರದು, ಮಾಸ್ತರೇನು?" ಎಂಬ ಧ್ವನಿ ಕೇಳಿತು.

ನಾವು ಒಳಗೆ ಹೋದೆವು. ಒಲೆಯನ್ನು ಇನ್ನೂ ತೆಗೆದಿರಲಿಲ್ಲ. ತೆಗೆಯುವ ಧೈರ್ಯ ಮಲ್ಲೇಶನಿಗೆ ಆಗಿರಲಿಕ್ಕಿಲ್ಲ. ಗಂಗವ್ವ ಅದರ ಮುಂದೆ ಕುಳಿತಿದ್ದಳು. ಹಂಚು ಕಾದಿತ್ತು, ಕಲ್ಲಿನ ಮೇಲೆ ಹಿಟ್ಟು ಉದುರಿಸಿತ್ತು. ಪಕ್ಕದ ತಾಟಿನಲ್ಲಿ ಹರಿದ ರೊಟ್ಟಿಗಳು ಬಿದ್ದಿದ್ದವು, ಬಹಳ ಇದ್ದವು. ಮನೆಯಲ್ಲಿ ಮಾಡಿಕೊಳ್ಳುತ್ತೇನೆ ಎಂದದ್ದು ಇದನ್ನೇ ಎಂದು ನನಗೆ ಆಗ ತಿಳಿಯಿತು.

"ಬರ್ರಿ ಬಾಯಾರ, ಕುಂಡರ್ರಿ" ಎಂದಳು. ನಗಲಿಲ್ಲ. ಎಡಗೈಯಿಂದ ಹಿಟ್ಟಿನ ಉಂಡೆ ಎಳೆದು ಕಲ್ಲಿನ ಮೇಲಿಟ್ಟಳು. ಬಲಗೈ ಎತ್ತಿದಳು. ಅದು ಎದೆಯ ಮಟ್ಟಕ್ಕೂ ಏರಲಿಲ್ಲ. ಏರಿದಷ್ಟರಿಂದಲೇ ಬಡಿದಳು, ಮತ್ತೆ ಎತ್ತಿದಳು, ಬಡಿದಳು. ರೊಟ್ಟಿ ಒಂದು ಕಡೆ ತೆಳ್ಳಗಾಗಿ, ಇನ್ನೊಂದು ಕಡೆ ದಪ್ಪ ಉಳಿದು, ಅಂಚಿನಿಂದ ನಡುವಿನವರೆಗೆ ಸೀಳಿತು. ಅವಳ ಎಡಗಣ್ಣಿನ ಕೆಳಗೆ ಗೆರೆ ಎದ್ದು ನಿಂತಿತ್ತು. ಅವಳನ್ನು ತಡೆಯಬೇಕೋ, ಮಾಡು ಎನ್ನಬೇಕೋ, ಇಷ್ಟು ವರ್ಷ ಕೆಲಸ ಮಾಡಿದ ನನಗೆ ತಿಳಿಯಲಿಲ್ಲ. ಮಾಸ್ತರು ರೂಢಿಯಂತೆ ಹೇಳಲು ಬಾಯಿ ತೆರೆದರು.

ಗಂಗವ್ವ ಎಡಗೈ ಎತ್ತಿ ಅವರನ್ನು ತಡೆದಳು.

"ನೋಯ್ತೈತ್ರಿ ಬಾಯಾರ" ಎಂದಳು. "ಭಾಳ ನೋಯ್ತೈತಿ. ರೊಟ್ಟಿ ಕೆಡ್ತು."

ಮಷಿನ್ ಬಳಿ ನಿಂತಿದ್ದ ಮಲ್ಲೇಶ ತಿರುಗಿ ನೋಡಿದ. ಅವ್ವನ ಬಾಯಿಂದ ಅಂಥ ಮಾತನ್ನು ಅವನು ಎಂದೂ ಕೇಳಿರಲಿಲ್ಲ. ಕೈಚಾಚಿ ಮಷಿನ್ ಬಂದ್ ಮಾಡಿದ. ಅಡುಗೆಮನೆಯೆಲ್ಲ ಒಮ್ಮೆಲೇ ಶಾಂತವಾಯಿತು. ಗಂಗವ್ವ ಕಣ್ಣೊರೆಸಿಕೊಳ್ಳಲಿಲ್ಲ. ಸೀಳಿದ ರೊಟ್ಟಿಯನ್ನು ಎಡಗೈಯಿಂದ ಮುದುಡಿ ಉಂಡೆ ಮಾಡಿದಳು, ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೀರಿನಲ್ಲಿ ಅದ್ದಿದಳು, ಮತ್ತೆ ಬಡಿಯತೊಡಗಿದಳು.